ಒಂದು ಗೇಣಿನೊಳಗೆ ಮೂವರು

ಭಾನುವಾರ ಸಂಜೆ ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನಾನು ಪಕ್ಕದಲ್ಲೇ ಮೊಬೈಲ್ ಹಿಡಿದು ಚೀನಾದ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವ ಒಳಾಂಗಣ ಅಥ್ಲೆಟಿಕ್ಸ್ ನೋಡುತ್ತಿದ್ದೆ. ಮಹಿಳೆಯರ 60 ಮೀಟರ್ ಹರ್ಡಲ್ಸ್ ಫೈನಲ್. ಹಾರಿ ದಾಟಬೇಕಾದ ಹರ್ಡಲ್ ಇರುವುದೇ ಐದು. ಗನ್ ಸದ್ದಾಗಿದ್ದೇ ತಡ, ಎಲ್ಲ ಆಗಿಹೋಗಿತ್ತು.

"ಮುಗೀತಾ?" ಅಂದರು ಅತ್ತೆ.

"ಮುಗೀತು."

"ನಾನಿನ್ನೂ ನಾಲ್ಕು ಬೀಜ ತೆಗೆದಿಲ್ಲ ಕಣೇ!"

ಗೆದ್ದಿದ್ದು ಯಾರು ಅಂತ ನನಗೂ ಗೊತ್ತಾಗಲಿಲ್ಲ. ಆಮೇಲೆ ಟೈಮ್ ಬಂತು. ಬಹಾಮಾಸ್‌ನ ಡೆವಿನ್ ಚಾರ್ಲ್ಟನ್ 7.72, ಸ್ವಿಟ್ಜರ್ಲೆಂಡ್‌ನ ಡಿಟಾಜಿ ಕಂಬುಂಜಿ 7.73, ಜಮೈಕಾದ ಅಕೇರಾ ನ್ಯೂಜೆಂಟ್ 7.74. ಆ ವೇಗದಲ್ಲಿ ಲೆಕ್ಕ ಹಾಕಿದರೆ ಮೊದಲನೆಯವಳಿಗೂ ಮೂರನೆಯವಳಿಗೂ ನಡುವೆ ಒಂದು ಗೇಣೂ ಇಲ್ಲ. ಅತ್ತೆಗೆ ಬೆರಳು ಅಗಲಿಸಿ ತೋರಿಸಿದೆ.

"ಇಷ್ಟಕ್ಕೇ ಮೂರನೇದು ಅಂತಾರಾ? ಇದನ್ನ ಯಾರು ನೋಡಿದ್ರಂತೆ?"

ಕ್ಯಾಮೆರಾ ಅಂದೆ. ಅದು ಗೆರೆಯನ್ನಷ್ಟೇ ನೋಡುತ್ತೆ, ಎದೆ ಯಾವಾಗ ಮುಟ್ಟಿತು ಅನ್ನೋದೇ ಲೆಕ್ಕ, ಕೈ ಚಾಚಿದರೂ ತಲೆ ಚಾಚಿದರೂ ಪ್ರಯೋಜನ ಇಲ್ಲ ಅಂತ ವಿವರಿಸಿದೆ. ಅವರು ಆಗಲೇ ಮುಂದಿನ ಹಣ್ಣಿಗೆ ಹೋಗಿದ್ದರು. ನನಗೆ ಮಾತ್ರ 'ಯಾರು ನೋಡಿದ್ರಂತೆ' ಅನ್ನೋದು ತಲೆಯಿಂದ ಹೋಗಲಿಲ್ಲ.

ನಾನೂ ಹರ್ಡಲ್ಸ್ ಓಡಿದವಳು. ನಗಬೇಡಿ. ಹೈಸ್ಕೂಲಿನಲ್ಲಿ, ತಾಲೂಕು ಮಟ್ಟದಲ್ಲಿ. ಸುಣ್ಣದ ಗೆರೆ, ಬಡಗಿ ಹೊಡೆದ ಮರದ ಹರ್ಡಲ್, ಕೊನೆಯಲ್ಲಿ ಇಬ್ಬರು ಹುಡುಗರು ಎಳೆದು ಹಿಡಿದ ಕೆಂಪು ಉಲ್ಲನ್ ದಾರ. ಮೊದಲನೆಯವಳು ದಾರ ಹರಿದುಕೊಂಡು ಹೋದಳು. ಎರಡನೆಯವಳು ನಾನು. ನನಗೆ ಗೊತ್ತು. ಆದರೆ ಪಿ.ಟಿ. ಮೇಷ್ಟ್ರು ಪಕ್ಕದ ಲೇನಿನವಳ ಭುಜ ಹಿಡಿದು "ನೀನು ಸೆಕೆಂಡು" ಅಂದುಬಿಟ್ಟರು. ಜಿಲ್ಲೆಗೆ ಹೋಗುವುದು ಇಬ್ಬರೇ. ಕೇಳಿದ್ದಕ್ಕೆ "ನಂಗೆ ಕಂಡಿದ್ದು ಹಾಗೆ, ಹೋಗು" ಅಂದರು. ಸ್ವಭಾವತಃ ಕೆಟ್ಟವರಲ್ಲ. ಸ್ವಲ್ಪ ಉಡಾಫೆ, ಅಷ್ಟೇ. ಆದರೂ ಇಷ್ಟು ವರ್ಷ ಮನಸ್ಸಿನಲ್ಲೇ ಅವರನ್ನು ಬೈದಿದ್ದೇನೆ.

ರಾತ್ರಿ ಮಲಗಿ ಆ ಓಟವನ್ನು ಐದಾರು ಸಲ ಹಾಕಿ ನೋಡಿದೆ. ಡಿಟಾಜಿ ಅದೇ ತಿಂಗಳು ಯುರೋಪಿಯನ್ ಒಳಾಂಗಣದಲ್ಲಿ 7.67 ಓಡಿದ್ದವಳು. ಅದೇ ಓಟ ಇಲ್ಲಿ ಬಂದಿದ್ದರೆ ಚಿನ್ನ ಅವಳದೇ. ಹಿಂದಿನ ದಿನವಷ್ಟೇ ಅವಳ ಅಕ್ಕ ಮುಜಿಂಗಾ 60 ಮೀಟರ್ ಓಟದಲ್ಲಿ ಚಿನ್ನ ಗೆದ್ದಿದ್ದಳು. ಚಾರ್ಲ್ಟನ್‌ಗೂ ಇದು ಅವಳ ಒಳ್ಳೆಯ ಓಟವಲ್ಲ. ಅದರ ಹಿಂದಿನ ವರ್ಷ, 2024ರಲ್ಲಿ, ಗ್ಲಾಸ್ಗೋದಲ್ಲಿ 7.65 ಓಡಿ ವಿಶ್ವದಾಖಲೆ ಮಾಡಿದ್ದಳು. ನನಗೆ ಜಾಸ್ತಿ ಕಾಡಿದ್ದು ನ್ಯೂಜೆಂಟ್. ಸೆಕೆಂಡಿನ ನೂರರಲ್ಲಿ ಎರಡು ಭಾಗ. ಎಲ್ಲಿ ಹೋಯಿತು ಅದು? ಮೊದಲ ಹರ್ಡಲ್‌ಗೆ 13 ಮೀಟರ್, ಆಮೇಲೆ ಎಂಟೂವರೆ ಮೀಟರಿಗೊಂದರಂತೆ, ನಡುವೆ ಮೂರೇ ಹೆಜ್ಜೆ. ಅಷ್ಟರಲ್ಲಿ ಎಲ್ಲೋ ಒಂದು ಕಡೆ ಕಾಲು ಒಂದು ಚೂರು ಜಾಸ್ತಿ ಮೇಲೆ ಹೋಗಿರಬಹುದು. ಅದನ್ನು ಹುಡುಕಿಕೊಂಡು ಅವಳು ಎಷ್ಟು ರಾತ್ರಿ ಎದ್ದಿರಬೇಕೋ. ಯಾರ ಮೇಲೂ ಹಾಕುವ ಹಾಗಿಲ್ಲ, ಕ್ಯಾಮೆರಾ ಜೊತೆ ಜಗಳ ಆಡೋಕೆ ಆಗುತ್ತಾ? ನನಗಾದರೂ ಬೈಯೋಕೆ ಒಬ್ಬ ಮೇಷ್ಟ್ರು ಇದ್ದರು. ಆವತ್ತು ಕ್ಯಾಮೆರಾ ಇದ್ದು, ಅದೂ ನನ್ನನ್ನು ಮೂರನೆಯವಳು ಅಂದಿದ್ದರೆ? ಈ ಯೋಚನೆ ಇಷ್ಟು ವರ್ಷ ಯಾಕೆ ಬರಲಿಲ್ಲವೋ.

ಬೆಳಗ್ಗೆ ಅತ್ತೆಗೆ ಕಥೆ ಹೇಳಿದೆ. "ಆ ಮೇಷ್ಟ್ರು ಇದ್ದಾರಾ? ಹೋಗಿ ಕೇಳಿಬಿಡು ಮತ್ತೆ" ಅಂದರು.

ಗುರುವಾರ ತರಕಾರಿ ಅಂಗಡಿ ಮುಂದೆ ಸಿಕ್ಕೇಬಿಟ್ಟರು. ಕೈಯಲ್ಲಿ ಕೋಲು, ಚೀಲದಲ್ಲಿ ನುಗ್ಗೆಕಾಯಿ. ನಮಸ್ಕಾರ ಮಾಡಿ, ನಿಮ್ಮ ಸ್ಟೂಡೆಂಟ್ ಸಾರ್, ಹರ್ಡಲ್ಸ್ ಓಡ್ತಿದ್ದೆ ಅಂದೆ. ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನನ್ನ ಮುಖವನ್ನೇ ನೋಡಿದರು.

"ಸರಿಯಾಗಿ ಕಾಣಲ್ಲಮ್ಮ ಈಗ. ಯಾವ ಬ್ಯಾಚು?"