ನಗೋಯಾದಲ್ಲಿ ಅರ್ಧ ನಿಮಿಷ

ದರ ಹೇಳಿ ಮುಗಿಸಿದೆ. ಎದುರಿಗೆ ಕುಳಿತಿದ್ದವರೆಲ್ಲ ಸುಮ್ಮನಾದರು.

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಫೌಂಡ್ರಿಯಲ್ಲಿ ಎರಕ ಹೊಯ್ದ ಪಂಪ್ ಹೌಸಿಂಗ್, ಅಂದರೆ ಪಂಪಿನ ಹೊರಕವಚ, ತೋರಿಸಲು ಕಾಕಾ ಮತ್ತು ನಾನು ಜಪಾನಿನ ನಗೋಯಾಕ್ಕೆ ಹೋಗಿದ್ದೆವು. ತಯಾರಿ ಮಾಡಿಕೊಂಡೇ ಹೋಗಿದ್ದೆವು. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಿಂದ ಕೊಡಬೇಕು, ಅವರದನ್ನು ಓದಿ ಮೇಜಿನ ಮೇಲಿಡಬೇಕು, ಜೇಬಿಗೆ ತುರುಕಬಾರದು. ಗೋಕಾಕದ ಕರದಂಟಿನ ನಾಲ್ಕು ಡಬ್ಬಿ ಒಯ್ದಿದ್ದೆವು. ಅಲ್ಲಿ ನಾಲ್ಕಕ್ಕೂ ಸಾವಿಗೂ 'ಶಿ' ಎಂಬ ಒಂದೇ ಉಚ್ಚಾರವಿದೆ, ನಾಲ್ಕು ಕೊಡಬೇಡಿ ಎಂದು ನಮ್ಮ ದುಭಾಷಿ ಹೇಳಿದ್ದಕ್ಕೆ ಒಂದನ್ನು ಹೋಟೆಲಿನಲ್ಲೇ ಬಿಟ್ಟೆವು. ಮೌನದ ಬಗ್ಗೆ ಮಾತ್ರ ನಾವು ಕೇಳಿರಲಿಲ್ಲ.

ನಮ್ಮ ರವಿವಾರ ಪೇಟೆಯಲ್ಲಿ ದರ ಕೇಳಿ ಗಿರಾಕಿ ಸುಮ್ಮನಾದನೆಂದರೆ ಇನ್ನೇನು ಎದ್ದು ಹೋಗುತ್ತಾನೆ ಅಂತಲೇ ಲೆಕ್ಕ. ಅರ್ಧ ನಿಮಿಷ ತಡೆದೆ. ಮೂರು ಪರ್ಸೆಂಟ್ ಇಳಿಸಿದೆ. ಮತ್ತೆ ಮೌನ. ಇನ್ನೆರಡು ಇಳಿಸಿದೆ. ಅವರು ತಲೆಯಾಡಿಸುತ್ತ "ಹಾಯ್, ಹಾಯ್" ಅಂದರು. ಹಾಯ್ ಅಂದರೆ ಹೌದು ಎಂದು ಓದಿಕೊಂಡಿದ್ದೆ. ಒಪ್ಪಿದರೆಂದು ಹಿಗ್ಗಿದೆ.

ಸಂಜೆ ದುಭಾಷಿ ಬಿಡಿಸಿ ಹೇಳಿದರು. ಕೇಳುತ್ತಿದ್ದೇನೆ ಅನ್ನುವುದಕ್ಕೂ ಅವರು ಹಾಯ್ ಅನ್ನುತ್ತಾರೆ. ಕೊನೆಗೆ ಹಿರಿಯರೊಬ್ಬರು 'ಮುಜುಕಶೀ', ಅಂದರೆ ಕಷ್ಟ, ಅಂದಿದ್ದರು. ಇಲ್ಲ ಅನ್ನುವುದನ್ನು ಅಲ್ಲಿ ಹಾಗೆ ಮೆತ್ತಗೆ ಹೇಳುತ್ತಾರೆ. ಆ ಮೌನದಲ್ಲಿ ಅವರು ನಮ್ಮ ಡ್ರಾಯಿಂಗಿನ ಅಳತೆಗಳನ್ನು ಯೋಚಿಸುತ್ತಿದ್ದರು. ದರ ಹೆಚ್ಚಾಯಿತೆಂದು ಯಾರೂ ಅಂದಿರಲಿಲ್ಲ. ಕೇಳದೆಯೇ ಇಳಿಸಿದ್ದರಿಂದ, ಇವರು ಮಾಲಿನಲ್ಲಿ ಏನು ಕಡಿಮೆ ಮಾಡುತ್ತಾರೋ ಎಂಬ ಅನುಮಾನ ಬಂದಿತ್ತು.

ರಾತ್ರಿ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತು ಕಾಕಾ ಗಳಿಸಿದ ಹೆಸರು ಅದು.

ಅವರು ಬೈಯಲಿಲ್ಲ. "ನಾಳೆ ಮೊದಲಿನ ರೇಟೇ ಹೇಳು. ಮಾಲು ಹೆಂಗ ಚೆಕ್ ಮಾಡ್ತೀವಿ ಅನ್ನೂದು ತೋರಸು. ಆಮ್ಯಾಲ ಬಾಯಿ ತೆಗೀಬ್ಯಾಡ" ಅಂದರು.

ಮರುದಿನ ಕ್ಷಮೆ ಕೇಳಿದೆ. ನಿನ್ನೆ ಆತುರಪಟ್ಟೆ, ಆ ದರದಲ್ಲಿ ಪ್ರತಿ ಹೌಸಿಂಗನ್ನೂ ಅಳೆದು ಕಳಿಸಲು ನಮಗೆ ಆಗುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿ ತಪಾಸಣೆಯ ಹಾಳೆಗಳನ್ನು ಮುಂದಿಟ್ಟೆ. ಮತ್ತೆ ಅದೇ ಮೌನ. ನಾಲಿಗೆ ತುದಿಗೆ ಏನೇನೋ ಬಂತು. ಮೇಜಿನ ಕೆಳಗೆ ಕಾಕಾ ನನ್ನ ಮೊಣಕಾಲ ಮೇಲೆ ಕೈ ಇಟ್ಟಿದ್ದರು, ತೆಗೆಯಲೇ ಇಲ್ಲ.

ಬಹಳ ಹೊತ್ತಾದ ಮೇಲೆ ಆ ಹಿರಿಯರು ನಮ್ಮ ಹೌಸಿಂಗನ್ನು ಕೈಗೆತ್ತಿಕೊಂಡು ಒಳಮೈಯ ಮೇಲೆ ಬೆರಳಾಡಿಸಿದರು. "ಅಚ್ಚಿಗೆ ಎಂಥ ಮರಳು ಬಳಸುತ್ತೀರಿ?" ಎಂದು ದುಭಾಷಿಯ ಮೂಲಕ ಕೇಳಿದರು.

ಕಾಕಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.