ಬುರಾ ಕೊಡ: ಕೊನೆಗೂ ಕುತ್ತಿಗೆ ನಿಂತಿತು

ಆಫ್ರಿಕಾದ ಹಳೇ ಬುರಾ ಕೊಡಗಳ ಹಾಗೆ, ಕೊಳವೆಯ ತುದಿಯಲ್ಲಿ ಮಣ್ಣಿನ ತಲೆ ಇರುವ ಕೊಡ ಮಾಡಲು ಹೊರಟಿದ್ದೆ. ತಲೆ ಉದುರದ ಕೊಡವೊಂದು ಕೊನೆಗೂ ಬೆಂಕಿಯಿಂದ ಹೊರಬಂದಿದೆ. ಕುತ್ತಿಗೆ ಸುತ್ತ ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಖಣ್ ಅನ್ನುತ್ತದೆ. ಖುಷಿಗೆ ಅಂದು ಊಟವೇ ಬೇಕಾಗಲಿಲ್ಲ.

ಮಣ್ಣು ತುಳಿದಿದ್ದು, ಸುರುಳಿ ಸುತ್ತಿ ಕೊಳವೆ ಎಬ್ಬಿಸಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡಿ. ತೊಂದರೆ ಇದ್ದದ್ದು ಒಂದೇ ಕಡೆ: ಕೊಳವೆಗೆ ತಲೆ ಕೂಡುವ ಕುತ್ತಿಗೆಯಲ್ಲಿ.

ನೈಜರ್ ದೇಶದ ಪಶ್ಚಿಮ ಭಾಗದ ಬುರಾದಲ್ಲಿ 1983ರಲ್ಲಿ ಅಗೆದಾಗ ಇಂಥ 600ಕ್ಕೂ ಹೆಚ್ಚು ಕೊಡಗಳು ಒಂದೇ ಸ್ಮಶಾನದಲ್ಲಿ ಸಿಕ್ಕವು. ಕಾಲ 3ರಿಂದ 13ನೇ ಶತಮಾನ. ಎಲ್ಲವನ್ನೂ ಬೋರಲು ಹಾಕಿ ಹೂತಿದ್ದರು. ಬಾಯಿ ಕೆಳಗೆ, ಮುಚ್ಚಿದ ತುದಿ ಮೇಲೆ. ಕೆಲವದರ ಆ ತುದಿಯ ಮೇಲೆ ಮನುಷ್ಯನ ತಲೆ, ಇನ್ನು ಕೆಲವದರ ಮೇಲೆ ಕುದುರೆ ಸವಾರ. ಒಳಗೆ ಕಬ್ಬಿಣದ ಬಾಣದ ಮೊನೆ, ಮನುಷ್ಯರ ಹಲ್ಲು ಕೂಡ ಸಿಕ್ಕಿವೆ. ಸತ್ತವರಿಗೆಂದು ಮಾಡಿದ ವಸ್ತು ಅನ್ನೋದು ನೆನಪಾದಾಗೆಲ್ಲ ಕೈ ತಾನಾಗೇ ನಿಧಾನವಾಗುತ್ತದೆ.

ಈಗ ಆ ಕುತ್ತಿಗೆ. ಕೊಳವೆಯ ಗೋಡೆ ತೆಳು, ತಲೆ ದಪ್ಪ. ಗೋಡೆ ಬೇಗ ಒಣಗಿ ಕುಗ್ಗುತ್ತದೆ, ತಲೆ ಇನ್ನೂ ಹಸಿಯಾಗಿ ಹಾಗೇ ಕೂತಿರುತ್ತದೆ. ಎಳೆದಾಟ ಇಬ್ಬರಿಗೂ ಮಧ್ಯದಲ್ಲಿರುವ ಕುತ್ತಿಗೆ ಮೇಲೆ. ಕೂದಲೆಳೆಯಷ್ಟು ಬಿರುಕು ಸಾಕು, ಬೆಂಕಿಯಲ್ಲಿ ಅದು ಪೂರ್ತಿ ಬಾಯಿಬಿಡುತ್ತದೆ. 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಮಣ್ಣಿನಲ್ಲಿರುವ ಕ್ವಾರ್ಟ್ಸ್ ಹರಳು ಹಿಗ್ಗುವಾಗಲಂತೂ ಕೇಳೋದೇ ಬೇಡ. ಬಯಲಲ್ಲಿ ಸೌದೆ ಹಾಕಿ ಸುಡುವವರಿಗೆ ಶಾಖ ಎಷ್ಟು ಬೇಗ ಏರುತ್ತೆ ಅಂತ ಗೊತ್ತಲ್ವಾ?

ಮಣ್ಣಿಗೆ ದಪ್ಪ ಗ್ರಾಗ್, ಅಂದರೆ ಸುಟ್ಟ ಮಣ್ಣಿನ ಚೂರು, ಸೇರಿಸಿದರೆ ಕುಗ್ಗೋದು ಕಡಿಮೆಯಾಗುತ್ತದೆ. ಸರಿ ಅಂತ ತರಿಸಿದೆ. ಬಂದದ್ದು ರಂಗೋಲಿ ಪುಡಿಯಷ್ಟು ನುಣ್ಣನೆಯದು! ಚೀಟಿಯ ಮೇಲೆ ಮಾತ್ರ 'ದಪ್ಪ' ಅಂತಲೇ ಇತ್ತು. ಫೋನ್ ಮಾಡಿದರೆ "ಎಲ್ಲರೂ ಇದನ್ನೇ ತಗೊಳ್ತಾರೆ ಸಾರ್" ಅಂದರು. ಎಲ್ಲರೂ ತಲೆ ಇರುವ ಕೊಡ ಮಾಡ್ತಾರಾ? ಕಡೆಗೆ ಹಳೇ ಹೆಂಚು ಕುಟ್ಟಿ, ಜರಡಿ ಹಿಡಿದು, ಜರಡಿ ಮೇಲೆ ಉಳಿದ ಸಾಸಿವೆ ಗಾತ್ರದ ಚೂರನ್ನೇ ಬಳಸಿದೆ. ಅಂಗಡಿ ಮಾಲಿಗಿಂತ ಎಷ್ಟೋ ವಾಸಿ.

ಅರ್ಧ ಗೆಲುವು ಅದರಿಂದ ಬಂತು. ಉಳಿದರ್ಧ ತಲೆಯನ್ನು ಟೊಳ್ಳು ಮಾಡಿದ್ದರಿಂದ. ಒಳಗಿನಿಂದ ಕೆರೆದು ಗೋಡೆಯ ದಪ್ಪಕ್ಕೇ ತಂದೆ. ಕುತ್ತಿಗೆಯ ಮೂಲಕ ಕಿರುಬೆರಳು ತೂರುವಷ್ಟು ತೂತು ಬಿಟ್ಟೆ. ತಲೆಯೊಳಗಿನ ಆವಿ ಈಗ ಕೊಳವೆಗೆ ಇಳಿದು ಕೆಳಗಿನ ಬಾಯಿಂದ ಹೋಗುತ್ತದೆ. ಸುಡುವಾಗ ಬಾಯಿಯ ಅಂಚಿನಡಿ ಮಡಕೆ ಚೂರು ಕೊಟ್ಟು ಎತ್ತರಿಸುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಆವಿಗೆ ದಾರಿಯೇ ಇಲ್ಲ. ಒಣಗಿಸುವಾಗ ತಲೆ ಬಯಲಾಗಿರಲಿ, ಕೊಳವೆಗೆ ಪ್ಲಾಸ್ಟಿಕ್ ಸುತ್ತಿ.

ಇನ್ನೊಂದು ಮಾತು. ಬಾಯಿಯ ಒಳ ಅಂಚಿನಲ್ಲಿ ನಿಮ್ಮ ಹೆಸರು, ಇಸವಿ ಆಳವಾಗಿ ಕೊರೆಯಿರಿ. ಬುರಾ ಮಣ್ಣಿನ ಶಿಲ್ಪಗಳು ಎಷ್ಟು ಲೂಟಿಯಾಗಿವೆ ಅಂದರೆ, ಆಫ್ರಿಕಾದ ಅಪಾಯದಲ್ಲಿರುವ ವಸ್ತುಗಳ ಕೆಂಪು ಪಟ್ಟಿಗೆ ಐಕಾಮ್ (ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ) 2000ದಲ್ಲೇ ಅವನ್ನು ಸೇರಿಸಿತು. ನಾವು ಪ್ರೀತಿಯಿಂದ ಮಾಡಿದ್ದು ನಾಳೆ ಯಾವನೋ ದಲ್ಲಾಳಿಯ ಕೈಲಿ 'ಅಸಲಿ' ಆಗಬಾರದು.

ಮುಂದಿನದು ಕುದುರೆ ಸವಾರ. ಕೊಳವೆ ಮೇಲೆ ನಾಲ್ಕು ಸಣ್ಣ ಕಾಲು, ಅದರ ಮೇಲೆ ಹೊಟ್ಟೆ, ಸವಾರ, ಕಡಿವಾಣ, ಕೈ ತುಂಬ ಬಳೆ. ಅಂದರೆ ಒಂದರ ಬದಲು ನಾಲ್ಕು ಕುತ್ತಿಗೆ! ಕಾಲನ್ನೂ ಟೊಳ್ಳು ಮಾಡಬೇಕೋ, ಹೊಟ್ಟೆ ಒಣಗುವ ತನಕ ಅಡಿಯಲ್ಲಿ ಮಣ್ಣಿನ ಊರುಗೋಲು ಕೊಡಬೇಕೋ ಅಂತ ಯೋಚಿಸುತ್ತಿದ್ದೇನೆ. ಯಾರಾದರೂ ಮಾಡಿ ನೋಡಿದ್ದರೆ ಹೇಳಿ. ಹೆಂಚು ಕುಟ್ಟೋದು ಆಗಲೇ ಶುರು ಮಾಡಿದ್ದೇನೆ.