ರಾತ್ರಿ ಓಡೋ ಪ್ರೊಸೀಜರ್ ಟ್ರಿಗರ್‌ನಲ್ಲಿ ಯಾಕೆ ಓಡಲ್ಲ?

ಒಂದು ಹಾಲು ಉತ್ಪಾದಕರ ಸಂಘದ ಲೆಕ್ಕದ ಸಾಫ್ಟ್‌ವೇರ್ ನಮ್ಮ ಕೈಯಲ್ಲಿದೆ. ಡೇಟಾಬೇಸ್ ಮೈಎಸ್‌ಕ್ಯುಎಲ್ 5.7. ಲೀಟರ್, ಫ್ಯಾಟ್ ಎಂಟ್ರಿ ಆದ ಕೂಡಲೇ ಬಾಕಿ ಪಟ್ಟಿಯೂ ಬದಲಾಗಬೇಕು ಅಂತ ಕಾರ್ಯದರ್ಶಿ ಕೇಳಿದ್ದರು. ಆ ಲೆಕ್ಕದ ಪ್ರೊಸೀಜರ್ (ಡೇಟಾಬೇಸ್ ಒಳಗೇ ಬರೆದಿಟ್ಟ ಪ್ರೋಗ್ರಾಂ) ಮೊದಲೇ ಇತ್ತು, ದಿನಾ ರಾತ್ರಿ ಓಡುತ್ತಿತ್ತು. ‘ಟ್ರಿಗರ್‌ನಿಂದ ಅದನ್ನೇ ಕಾಲ್ ಮಾಡಿದ್ರೆ ಆಯ್ತಲ್ವಾ ಸಾರ್?’ ಅಂದ ಜೊತೆಯ ಹುಡುಗ. ಟ್ರಿಗರ್ ಅಂದರೆ ಎಂಟ್ರಿ ಬಿದ್ದ ಕೂಡಲೇ ತಾನಾಗಿ ಓಡುವ ಕೋಡ್.

ಟ್ರಿಗರ್ ಸಲೀಸಾಗಿ ಕ್ರಿಯೇಟ್ ಆಯಿತು. ಒಂದು ಎಂಟ್ರಿ ಹಾಕಿದ್ದೇ ತಡ, ಎರರ್ 1336. ಸ್ಟೋರ್ಡ್ ಫಂಕ್ಷನ್, ಟ್ರಿಗರ್ ಒಳಗೆ ಡೈನಾಮಿಕ್ ಎಸ್‌ಕ್ಯುಎಲ್ (ಓಡುವಾಗಲೇ ಕಟ್ಟುವ ಆದೇಶ) ನಡೆಯಲ್ಲವಂತೆ. ಪ್ರೊಸೀಜರ್ ತೆರೆದು ನೋಡಿದರೆ ಮೊದಲಲ್ಲೇ ಅಂಥ ಆದೇಶ ತಯಾರಿಸುವ ‘ಪ್ರಿಪೇರ್’ ಇತ್ತು. ತಿಂಗಳಿಗೊಂದು ಟೇಬಲ್, ಅದರ ಹೆಸರನ್ನು ಓಡುವಾಗಲೇ ಜೋಡಿಸುವ ಕೋಡ್.

ಇದಕ್ಕೊಂದು ಕಾರಣವಿದೆ. ಫಂಕ್ಷನ್, ಟ್ರಿಗರ್ ಇರುವ ಸ್ಟೇಟ್‌ಮೆಂಟ್ ಶುರುವಾಗುವ ಮೊದಲೇ ಮೈಎಸ್‌ಕ್ಯುಎಲ್ ಒಳಗೆಲ್ಲ ಯಾವ್ಯಾವ ಟೇಬಲ್ ಬೇಕು ಅಂತ ಪಟ್ಟಿ ಮಾಡಿ ಲಾಕ್ ಹಿಡಿಯುತ್ತದೆ. ಟೇಬಲ್ ಹೆಸರೇ ಆಮೇಲೆ ಹುಟ್ಟುವುದಾದರೆ? ಎಷ್ಟು ಜನ ಅಂತ ಹೇಳದೆ ಎಲೆ ಹಾಕಿ ಅಂದ ಹಾಗೆ.

ಹೆಸರನ್ನು ನೇರವಾಗಿ ಬರೆದು ನೋಡಿದೆವು. ಈಗ ಎರರ್ 1422. ಟ್ರಿಗರ್ ಒಳಗೆ ಕಮಿಟ್ (ಬದಲಾವಣೆ ಖಾಯಂ ಮಾಡುವುದು) ಆಗುವಂತಿಲ್ಲವಂತೆ. ಪ್ರೊಸೀಜರ್ ನಡುವೆ ಕೆಲಸದ ಟೇಬಲ್ ಖಾಲಿ ಮಾಡಲು ‘ಟ್ರಂಕೇಟ್’ ಇತ್ತು. ಟ್ರಂಕೇಟ್ ಅಂದರೆ ಕೇಳದೆಯೇ ಕಮಿಟ್. ಎಂಟ್ರಿ ಇನ್ನೂ ಅರ್ಧದಲ್ಲಿರುವಾಗ ಒಳಗಿನ ಟ್ರಿಗರ್ ಕಮಿಟ್ ಮಾಡಿಬಿಟ್ಟರೆ, ಆಮೇಲೆ ರೋಲ್‌ಬ್ಯಾಕ್ (ಮೊದಲಿನ ಸ್ಥಿತಿಗೆ ವಾಪಸ್) ಅಂದರೂ ಪ್ರಯೋಜನವಿಲ್ಲ. ನಿಯಮ ಸರಿಯಾಗೇ ಇದೆ. ನನ್ನ ತಕರಾರು ಒಂದೇ. ಟ್ರಿಗರ್‌ನಲ್ಲೇ ಟ್ರಂಕೇಟ್ ಬರೆದಿದ್ದರೆ ಕ್ರಿಯೇಟ್ ಮಾಡುವಾಗಲೇ ಬೈಯುತ್ತದೆ. ಪ್ರೊಸೀಜರ್ ಒಳಗಿದ್ದರೆ ಮಾತ್ರ ಓಡಿಸುವ ತನಕ ತುಟಿಪಿಟಿಕ್ಕೆನ್ನಲ್ಲ.

ಟ್ರಂಕೇಟ್ ಬದಲು, ಕೇಳದೆ ಕಮಿಟ್ ಮಾಡದ ಡಿಲೀಟ್ ಹಾಕಬಹುದಿತ್ತು. ಆದರೆ ಪ್ರತಿ ಎಂಟ್ರಿಗೂ ಇಡೀ ಲೆಕ್ಕ ಮತ್ತೆ ಹಾಕುವುದು, ಹಾಲು ಹಾಕಲು ಜನ ಸಾಲಿನಲ್ಲಿ ನಿಂತಿರುವಾಗ, ಬೇಡವೇ ಬೇಡ. ಹಳೇ ಪ್ರೊಸೀಜರನ್ನು ಮೊದಲಿನ ಹಾಗೇ ಬಿಟ್ಟೆವು. ಟ್ರಿಗರ್ ಸುಮ್ನೆ ಒಂದು ಕ್ಯೂ ಟೇಬಲ್‌ಗೆ ಸದಸ್ಯರ ನಂಬರ್ ಬರೆಯುತ್ತದೆ, ನಿಮಿಷಕ್ಕೊಮ್ಮೆ ಒಂದು ಈವೆಂಟ್ (ಗೊತ್ತು ಮಾಡಿದ ಹೊತ್ತಿಗೆ ಡೇಟಾಬೇಸ್ ತಾನೇ ಓಡಿಸುವ ಕೆಲಸ) ಬಂದು ಪ್ರೊಸೀಜರ್ ಕಾಲ್ ಮಾಡುತ್ತದೆ. ಈವೆಂಟ್‌ಗೆ ಈ ಎರಡು ಕಟ್ಟುಪಾಡೂ ಇಲ್ಲ. 5.7ರಲ್ಲಿ ಈವೆಂಟ್ ಶೆಡ್ಯೂಲರ್ ತಾನಾಗಿ ಆನ್ ಇರಲ್ಲ, ನಾವೇ ಹಾಕಬೇಕು. 8.0ರಲ್ಲಿ ಆ ರಗಳೆ ಇಲ್ಲ.

ಪಟ್ಟಿ ಒಂದು ನಿಮಿಷ ತಡವಾಗಬಹುದು ಅಂತ ಕಾರ್ಯದರ್ಶಿಗೆ ಫೋನ್‌ನಲ್ಲಿ ಹೇಳಿದೆ. ‘ಅಯ್ಯೋ ಬಿಡಿ ಸಾರ್, ಬಟವಾಡೆ ಆಗೋದೇ ಹದಿನೈದು ದಿನಕ್ಕೊಂದ್ಸಲ’ ಅಂದರು.